ಕೀಲಿ ಇಟ್ಟುಕೊಂಡವರ ಹೊಣೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಆ ದಿನ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಹಿಂದಿನ ದಿನ ಹೇಗೆ ನಡೆಯುತ್ತಿದ್ದವೋ ಮರುದಿನವೂ ಹಾಗೆಯೇ ನಡೆದವು. ಬದಲಾದದ್ದು ಒಂದೇ ಸಂಗತಿ: ಇನ್ನು ಮುಂದೆ ಅದರಲ್ಲಿ ಭದ್ರತಾ ದೋಷ ಸಿಕ್ಕಿದರೆ ಸರಿಪಡಿಸಿ ಎಲ್ಲರಿಗೂ ಕಳುಹಿಸುವ ಕಟ್ಟುಪಾಡು ಕಂಪನಿಗೆ ಉಳಿಯಲಿಲ್ಲ. ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ನಂತರದ್ದೋ ಆಗಿರಬೇಕು. ಎಂಟನೆಯ ತಲೆಮಾರು ಬಂದದ್ದು 2017ರಲ್ಲಿ. ಈ ಕಾರಣಕ್ಕೆ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸದ ದಾರಿ ಹಿಡಿಯಬಹುದು ಎಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕ್ಯಾನಲಿಸ್ 2023ರಲ್ಲೇ ಅಂದಾಜಿಸಿತ್ತು.

ತಯಾರಕರು ಎಷ್ಟು ವರ್ಷ ಅಪ್‌ಡೇಟ್ ಕೊಡಬೇಕು ಎಂಬುದು ಇವತ್ತಿನ ವಿಷಯ. ಐದೋ, ಏಳೋ, ಹತ್ತೋ? ನನ್ನ ಉತ್ತರವನ್ನು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇನ್ನೊಂದಿದೆ. ಮಾರಾಟ ಮುಗಿದ ಮೇಲೆ ವಸ್ತು ಕೊಂಡವರದು. ಅದರ ಉಸಾಬರಿಯನ್ನು ಮಾರಿದವರು ವರ್ಷಗಟ್ಟಲೆ ಏಕೆ ಹೊರಬೇಕು? ಇದು ನ್ಯಾಯವಾದ ಪ್ರಶ್ನೆ, ಇದನ್ನು ಕೇಳುವವರನ್ನು ಕಂಪನಿಗಳ ವಕೀಲರೆಂದು ತಳ್ಳಿಹಾಕಬಾರದು.

ಇಂದಿನ ಬಹುಪಾಲು ಫೋನುಗಳು ಹೇಗೆ ಚಾಲೂ ಆಗುತ್ತವೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗುಂಡಿ ಒತ್ತಿದ ಕೂಡಲೇ ಚಿಪ್‌ನೊಳಗೆ ಅಳಿಸಲಾಗದಂತೆ ಕೂತಿರುವ ಒಂದು ಚಿಕ್ಕ ಪ್ರೋಗ್ರಾಂ ಎಚ್ಚರಗೊಳ್ಳುತ್ತದೆ. ಮುಂದಿನ ಹಂತದ ಪ್ರೋಗ್ರಾಂ, ಅಂದರೆ ಬೂಟ್‌ಲೋಡರ್, ತಯಾರಕರ ಡಿಜಿಟಲ್ ಸಹಿ ಹೊತ್ತಿದೆಯೇ ಎಂದು ಅದು ಪರೀಕ್ಷಿಸುತ್ತದೆ. ಸಹಿ ಸರಿಯಿದ್ದರೆ ಮಾತ್ರ ಅದನ್ನು ಓಡಿಸುತ್ತದೆ. ಬೂಟ್‌ಲೋಡರ್ ತನ್ನ ಸರದಿಯಲ್ಲಿ ಆಪರೇಟಿಂಗ್ ಸಿಸ್ಟಂನ ಸಹಿಯನ್ನು ಪರೀಕ್ಷಿಸುತ್ತದೆ. ಎಲ್ಲೋ ಒಂದು ಕಡೆ ಸಹಿ ತಾಳೆಯಾಗದಿದ್ದರೆ ಸಾಧನ ಅಲ್ಲಿಗೇ ನಿಲ್ಲುತ್ತದೆ. ಇದು ಒಳ್ಳೆಯ ಏರ್ಪಾಡೇ. ಕಳ್ಳರು ಸಾಧನದೊಳಗೆ ತಮ್ಮ ಸಾಫ್ಟ್‌ವೇರ್ ತುರುಕದಂತೆ ಇದು ತಡೆಯುತ್ತದೆ. ಆದರೆ ಸಹಿ ಹಾಕುವ ಕೀಲಿ ಇರುವುದು ತಯಾರಕರ ಬಳಿ ಮಾತ್ರ. ನೀವು ಎಷ್ಟೇ ನುರಿತ ಎಂಜಿನಿಯರ್ ಆಗಿರಿ, ದೋಷ ಎಲ್ಲಿದೆ ಎಂದು ನಿಮಗೆ ನಿಖರವಾಗಿ ಗೊತ್ತಿರಲಿ, ಅದನ್ನು ಸರಿಪಡಿಸುವ ಸಾಲುಗಳನ್ನು ನೀವೇ ಬರೆದಿಟ್ಟಿರಿ, ಬೀಗ ಹಾಕಿದ ಫೋನಿನಲ್ಲಿ ಅದನ್ನು ಓಡಿಸುವ ದಾರಿ ನಿಮಗಿಲ್ಲ. ಮನೆಯನ್ನು ಮಾರಿದವರು ಬೀಗದ ಕೈಯನ್ನು ತಮ್ಮ ಸೊಂಟದಲ್ಲೇ ಉಳಿಸಿಕೊಂಡಂತೆ ಇದು.

ಹೊಣೆ ಹುಟ್ಟುವುದು ಇಲ್ಲಿಂದ. ವಸ್ತುವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟವರ ಹೊಣೆ ಮಾರಾಟದೊಂದಿಗೆ ಮುಗಿಯಬಹುದು. ಮಾರಿದ ನಂತರವೂ ಒಳಗೆ ಏನು ಓಡಬೇಕು, ಏನು ಓಡಬಾರದು ಎಂದು ನಿರ್ಧರಿಸುವ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡವರು, ಅಧಿಕಾರ ಇರುವಷ್ಟು ಕಾಲ ಅದನ್ನು ಕಾಯಬೇಕು. ಕಾಯಲಾಗುವುದಿಲ್ಲ ಎನ್ನುವ ದಿನ ಕೀಲಿಯನ್ನು ಬಿಟ್ಟುಕೊಡಬೇಕು. ಇಂದು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಅಪ್‌ಡೇಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಹೊಸ ಸೌಲಭ್ಯ, ಹೊಸ ವಿನ್ಯಾಸ, ಹೊಸ ಆವೃತ್ತಿ ಒಂದು ಬಗೆ. ಭದ್ರತಾ ದೋಷದ ತಿದ್ದುಪಡಿ ಇನ್ನೊಂದು. ಮೊದಲನೆಯದು ಹಳೆಯ ಸಾಧನಕ್ಕೆ ಬರದಿದ್ದರೆ ನನ್ನ ತಕರಾರಿಲ್ಲ. ಎರಡನೆಯದು ಬೇರೆಯೇ ಮಾತು. ಇಂದು ಪತ್ತೆಯಾದ ಭದ್ರತಾ ದೋಷ ಸಾಮಾನ್ಯವಾಗಿ ಇಂದು ಹುಟ್ಟಿದ್ದಲ್ಲ. ನೀವು ಹಣ ಕೊಟ್ಟು ಮನೆಗೆ ತಂದ ದಿನವೇ ಅದು ಒಳಗಿತ್ತು. ಮಾಲು ದೋಷದೊಂದಿಗೇ ಬಂದಿತ್ತು, ಗೊತ್ತಾದದ್ದು ತಡವಾಗಿ, ಅಷ್ಟೇ. ಅದನ್ನು ಸರಿಪಡಿಸಿಕೊಡುವುದನ್ನು ಉಡುಗೊರೆಯಂತೆ ಬಿಂಬಿಸುವುದು ನನಗೆ ಒಪ್ಪಿತವಲ್ಲ.

2017ರ ಘಟನೆಯೊಂದನ್ನು ವಿವರವಾಗಿ ಹೇಳಬೇಕು. ವಿಂಡೋಸ್‌ನಲ್ಲಿ ಜಾಲದ ಮೂಲಕ ಫೈಲುಗಳನ್ನು ಹಂಚಿಕೊಳ್ಳಲು ಎಸ್‌ಎಂಬಿ ಎಂಬ ಹಳೆಯ ವ್ಯವಸ್ಥೆಯಿದೆ. ಅದರಲ್ಲಿದ್ದ ದೋಷವೊಂದನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಪತ್ತೆಹಚ್ಚಿ, ಅದನ್ನು ಭೇದಿಸುವ ಸಾಧನವನ್ನೂ ಮಾಡಿಕೊಂಡು, ಯಾರಿಗೂ ಹೇಳದೆ ಇಟ್ಟುಕೊಂಡಿತ್ತು. ಮಾರ್ಚ್ 14ರಂದು ಮೈಕ್ರೋಸಾಫ್ಟ್ ಆ ದೋಷಕ್ಕೆ ತಿದ್ದುಪಡಿ ಹೊರಡಿಸಿತು. ಏಪ್ರಿಲ್ ನಡುವಿನಲ್ಲಿ ಆ ಭೇದಕ ಸಾಧನ ಸೋರಿಕೆಯಾಗಿ ಲೋಕಕ್ಕೆಲ್ಲ ಸಿಕ್ಕಿತು. ಮೇ 12ರಂದು ವಾನಾಕ್ರೈ ಹರಡಿತು. ಕಡತಗಳನ್ನು ಬೀಗ ಹಾಕಿ ಒತ್ತೆಹಣ ಕೇಳುವ ಕುತಂತ್ರಾಂಶ ಅದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೂ ರೋಗಿಗಳ ಭೇಟಿಗಳೂ ರದ್ದಾದವು.

ವಿಂಡೋಸ್ ಎಕ್ಸ್‌ಪಿಯ ಬೆಂಬಲ ಮೂರು ವರ್ಷ ಹಿಂದೆಯೇ, 2014ರ ಏಪ್ರಿಲ್ 8ರಂದು, ನಿಂತುಹೋಗಿತ್ತು. ಆದರೂ ದಾಳಿಯಾದ ಕೂಡಲೇ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ತಿದ್ದುಪಡಿಯನ್ನು ಎಲ್ಲರಿಗೂ ಬಿಡುಗಡೆ ಮಾಡಿತು. ಅಷ್ಟು ಬೇಗ ಅದು ಹೇಗೆ ಸಾಧ್ಯವಾಯಿತು? ಎಕ್ಸ್‌ಪಿಗೆ ಹಣ ಕೊಟ್ಟು ವಿಶೇಷ ಬೆಂಬಲ ಪಡೆಯುತ್ತಿದ್ದ ದೊಡ್ಡ ಗ್ರಾಹಕರಿಗಾಗಿ ತಿದ್ದುಪಡಿಗಳನ್ನು ಮಾಡುವ ಕೆಲಸ ಒಳಗೊಳಗೇ ನಡೆದಿತ್ತು. ಉಳಿದವರಿಗೆ ಬೀಗ ಹಾಕಲಾಗಿತ್ತು. ಕಷ್ಟಕಾಲದಲ್ಲಿ ಅದನ್ನು ತೆರೆದದ್ದಕ್ಕೆ ಆ ಎಂಜಿನಿಯರುಗಳಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಬೆಂಬಲ ಮುಗಿಯಿತು ಎಂಬ ಮಾತಿನ ಅರ್ಥ ತಿದ್ದುಪಡಿ ಮಾಡಲು ಅಸಾಧ್ಯ ಎಂದಲ್ಲವೆಂಬುದು ಅಂದು ಬಯಲಾಯಿತು. ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು: ವಾನಾಕ್ರೈಗೆ ಬಲಿಯಾದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು. ಅವುಗಳಿಗೆ ತಿದ್ದುಪಡಿ ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ.

ಜನ ಅಪ್‌ಡೇಟ್ ಹಾಕಿಕೊಳ್ಳಲು ಹಿಂಜರಿಯುವುದರಲ್ಲಿ ಕಂಪನಿಗಳ ಪಾಲೂ ಇದೆ. ಹಳೆಯ ಬ್ಯಾಟರಿಯ ಐಫೋನುಗಳು ದಿಢೀರನೆ ಆರಿಹೋಗುವುದನ್ನು ತಪ್ಪಿಸಲು ಆಪಲ್ ಅಪ್‌ಡೇಟ್ ಮೂಲಕ ಅವುಗಳ ವೇಗ ತಗ್ಗಿಸಿತ್ತು. ಬಳಸುವವರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಸಂಗತಿ ಹೊರಬಿತ್ತು. 2018ರಲ್ಲಿ ಇಟಲಿ, ಅಪ್‌ಡೇಟ್‌ಗಳಿಂದ ಫೋನು ನಿಧಾನವಾದದ್ದಕ್ಕೆ ಆಪಲ್ ಮತ್ತು ಸ್ಯಾಮ್‌ಸಂಗ್ ಎರಡಕ್ಕೂ ದಂಡ ವಿಧಿಸಿತು. ಒಮ್ಮೆ ಕೈ ಸುಟ್ಟುಕೊಂಡವರು ಮುಂದಿನ ಅಪ್‌ಡೇಟ್ ಕಂಡಾಗ ‘ಆಮೇಲೆ’ ಎಂದು ಒತ್ತುವುದು ಸಹಜ. ಆದ್ದರಿಂದ ಭದ್ರತಾ ತಿದ್ದುಪಡಿಯನ್ನು ಹೊಸ ಆವೃತ್ತಿಯೊಂದಿಗೆ ಗಂಟುಹಾಕದೆ ಬೇರೆಯಾಗಿಯೇ ಕೊಡಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಅದು ಸಾಧ್ಯ. 2013ರಲ್ಲಿ ಬಂದ ಐಫೋನ್ 5ಎಸ್‌ಗೆ ಹೊಸ ಐಒಎಸ್ ಆವೃತ್ತಿಗಳು ನಿಂತು ವರ್ಷಗಳಾದ ಮೇಲೂ, 2023ರ ಜನವರಿಯಲ್ಲಿ, ಐಒಎಸ್ 12ರ ಭದ್ರತಾ ತಿದ್ದುಪಡಿಯೊಂದು ಬಂತು. ಇದೇ ಆಪಲ್ ಮಾಡಿದ ಒಳ್ಳೆಯ ಕೆಲಸ ಅದು.

ಇನ್ನು ಎಣಿಕೆಯ ವಿಚಾರ. ಏಳು ವರ್ಷ, ಹತ್ತು ವರ್ಷ ಎಂದು ಜಾಹೀರಾತಿನಲ್ಲಿ ಕಂಡಾಗ ಕೇಳಬೇಕಾದದ್ದು: ಯಾವ ದಿನದಿಂದ? ಗೂಗಲ್‌ನ ಆಪರೇಟಿಂಗ್ ಸಿಸ್ಟಂ ಓಡುವ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳ ಅಪ್‌ಡೇಟ್ ಅವಧಿಯನ್ನು ಗೂಗಲ್ ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಆ ಹಾರ್ಡ್‌ವೇರ್ ವೇದಿಕೆ, ಅಂದರೆ ಒಳಗಿನ ಚಿಪ್ಪು ಮತ್ತು ಬೋರ್ಡಿನ ವಿನ್ಯಾಸ, ಮೊದಲ ಬಾರಿ ಮಾರುಕಟ್ಟೆಗೆ ಬಂದ ದಿನದಿಂದ. ನಾಲ್ಕು ವರ್ಷ ಹಳೆಯ ವೇದಿಕೆಯ ಮೇಲೆ ಕಟ್ಟಿದ ಲ್ಯಾಪ್‌ಟಾಪನ್ನು ಹೊಚ್ಚಹೊಸ ಡಬ್ಬಿಯಲ್ಲಿ ಕೊಂಡರೂ ಅದರ ಆಯುಷ್ಯದ ನಾಲ್ಕು ವರ್ಷ ಆಗಲೇ ಕಳೆದಿರುತ್ತದೆ. ಶಾಲೆಗಳು ಹೀಗೆ ನೂರಾರು ಯಂತ್ರಗಳನ್ನು ಕೊಂಡು, ಚೆನ್ನಾಗಿ ನಡೆಯುತ್ತಿರುವಾಗಲೇ ಬದಿಗಿಡಬೇಕಾದ ಸ್ಥಿತಿ ಬಂದು ಟೀಕೆ ಜೋರಾದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಆ ಅವಧಿಯನ್ನು ಹತ್ತು ವರ್ಷಕ್ಕೆ ಹೆಚ್ಚಿಸಿತು. ಸ್ವಾಗತಾರ್ಹ. ಆದರೆ ಎಣಿಕೆಯ ಆರಂಭ ಬದಲಾಗಲಿಲ್ಲ.

ಆಪಲ್‌ನ ಮ್ಯಾಕ್ ಪ್ರೋ ಕಥೆಯೂ ಇದನ್ನೇ ಹೇಳುತ್ತದೆ. 2019ರ ಇಂಟೆಲ್ ಮಾದರಿ, 5,999 ಡಾಲರ್‌ನಿಂದ ಆರಂಭವಾಗುತ್ತಿದ್ದ ದುಬಾರಿ ಯಂತ್ರ, 2023ರ ಜೂನ್ ತನಕ ಮಾರಾಟದಲ್ಲಿತ್ತು. 2025ರಲ್ಲಿ ಬಂದ ಮ್ಯಾಕ್‌ಓಎಸ್ ತಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆಪಲ್ ಘೋಷಿಸಿದೆ. ಆಮೇಲೆ ಕೆಲವು ವರ್ಷ ಭದ್ರತಾ ತಿದ್ದುಪಡಿ ಮಾತ್ರ. 2019ರಲ್ಲಿ ಕೊಂಡವರ ಲೆಕ್ಕದಲ್ಲಿ ಇದು ಮರ್ಯಾದೆಯ ಅವಧಿ. ಕೊನೆಯ ತಿಂಗಳಲ್ಲಿ ಅಷ್ಟೇ ಹಣ ಸುರಿದು ಕೊಂಡವರ ಲೆಕ್ಕದಲ್ಲಿ ಅಲ್ಲ. ಒಂದೇ ಯಂತ್ರ, ಹತ್ತಿರಹತ್ತಿರ ಒಂದೇ ಬೆಲೆ, ಸುಮಾರು ಮೂರೂವರೆ ವರ್ಷದ ವ್ಯತ್ಯಾಸ.

ಯುರೋಪಿಯನ್ ಒಕ್ಕೂಟ ಈ ಗಂಟನ್ನು ಸರಿಯಾದ ಕಡೆಯಿಂದ ಬಿಚ್ಚಿದೆ. 2025ರ ಜೂನ್ 20ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ, ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್‌ಗಳು ಕನಿಷ್ಠ ಐದು ವರ್ಷ ಸಿಗಬೇಕು, ಮತ್ತು ಆ ಐದು ವರ್ಷ ಎಣಿಕೆಯಾಗುವುದು ಆ ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಂತ ದಿನದಿಂದ. ಐದು ಎಂಬ ಸಂಖ್ಯೆ ನನಗೆ ಕಡಿಮೆಯೆನಿಸುತ್ತದೆ. ಆದರೆ ಎಣಿಕೆಯ ಆರಂಭ ಸರಿಯಿದೆ, ಅದರ ತೂಕ ಸಂಖ್ಯೆಗಿಂತ ಹೆಚ್ಚು.

ಈಗ ತಯಾರಕರ ಪಕ್ಷ. ಅವರ ತೊಂದರೆ ಸುಳ್ಳಲ್ಲ. ಆಂಡ್ರಾಯ್ಡ್ ಫೋನೊಂದರ ಅಪ್‌ಡೇಟ್ ನಿಮ್ಮ ಕೈಗೆ ಬರುವ ಮೊದಲು ಹಲವು ಕೈ ದಾಟುತ್ತದೆ. ಗೂಗಲ್ ಆಂಡ್ರಾಯ್ಡನ್ನು ಸಿದ್ಧಪಡಿಸುತ್ತದೆ. ಚಿಪ್ ಮಾಡುವ ಕ್ವಾಲ್ಕಾಮ್‌ನಂಥ ಕಂಪನಿ ತನ್ನ ಚಿಪ್‌ಗೆ ಬೇಕಾದ ಡ್ರೈವರ್‌ಗಳನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಆ ಚಿಪ್ಪಿನೊಂದಿಗೆ ಮಾತಾಡಲು ನೆರವಾಗುವ ಪ್ರೋಗ್ರಾಂಗಳನ್ನು, ಕೊಡಬೇಕು. ಆ ಡ್ರೈವರ್‌ಗಳಲ್ಲಿ ಹಲವು ಮೂಲ ಸಂಕೇತವಿಲ್ಲದ, ಅಂದರೆ ಬೇರೆಯವರು ಓದಿ ತಿದ್ದಲಾಗದ, ಸಿದ್ಧ ಫೈಲುಗಳು. ಆಂಡ್ರಾಯ್ಡ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ಒಂದು ನಿರ್ದಿಷ್ಟ ಆವೃತ್ತಿಗೆ ಮಾತ್ರ ಹೊಂದುತ್ತವೆ. ಆ ಮೇಲೆ ಫೋನು ತಯಾರಕರು ಕ್ಯಾಮೆರಾ, ಪರದೆ, ಬೆರಳಚ್ಚು ಸಂವೇದಕ ಎಲ್ಲಕ್ಕೂ ಹೊಂದಿಸಿ ಪರೀಕ್ಷಿಸುತ್ತಾರೆ. ಕೆಲವು ದೇಶಗಳಲ್ಲಿ ಮೊಬೈಲ್ ಸೇವಾ ಕಂಪನಿಯ ಒಪ್ಪಿಗೆಯೂ ಬೇಕು. ಈ ಸರಪಳಿಯಲ್ಲಿ ಚಿಪ್ ಕಂಪನಿ ಕೈಬಿಟ್ಟರೆ ಫೋನು ತಯಾರಕರು ನಡುನೀರಿನಲ್ಲಿ ಉಳಿಯುತ್ತಾರೆ.

ಆದರೂ ಮನಸ್ಸಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನೆದರ್‌ಲ್ಯಾಂಡ್ಸ್‌ನ ಫೇರ್‌ಫೋನ್ ಸಾಕ್ಷಿ. ಅವರ ಫೇರ್‌ಫೋನ್ 2 ಬಂದದ್ದು 2015ರಲ್ಲಿ. ಅದರೊಳಗಿನ ಸ್ನಾಪ್‌ಡ್ರಾಗನ್ 801 ಚಿಪ್‌ಗೆ ಆಂಡ್ರಾಯ್ಡ್ 6ರ ನಂತರ ಕ್ವಾಲ್ಕಾಮ್ ಬೆಂಬಲ ನಿಲ್ಲಿಸಿತು. ಆ ಪುಟ್ಟ ಕಂಪನಿ ಸ್ವಯಂಸೇವಕ ತಂತ್ರಜ್ಞರ ಕೆಲಸವನ್ನೂ ಬಳಸಿಕೊಂಡು ಆಂಡ್ರಾಯ್ಡ್ 7, 9, ಕೊನೆಗೆ 10ರ ತನಕ ಆ ಫೋನನ್ನು ಕರೆದೊಯ್ದು, 2023ರ ಮಾರ್ಚ್‌ವರೆಗೆ ಅಪ್‌ಡೇಟ್ ಕೊಟ್ಟಿತು. ಮುಂದಿನ ಫೇರ್‌ಫೋನ್ 5ಕ್ಕೆ ಅವರು ಫೋನಿನ ಚಿಪ್ ಬದಲು ಕಾರ್ಖಾನೆಯ ಉಪಕರಣಗಳಿಗೆಂದು ಮಾಡಿದ ಕ್ವಾಲ್ಕಾಮ್ ಚಿಪ್ ಆರಿಸಿಕೊಂಡರು. ಕಾರಣ, ಕೈಗಾರಿಕಾ ಗ್ರಾಹಕರಿಗೆ ಕ್ವಾಲ್ಕಾಮ್ ದೀರ್ಘ ಬೆಂಬಲ ಕೊಡುತ್ತದೆ. ಅಂದರೆ ದೀರ್ಘ ಬೆಂಬಲ ಕೊಡುವುದು ಚಿಪ್ ಕಂಪನಿಗೂ ಗೊತ್ತು. ಕೇಳುವ ಗ್ರಾಹಕ ಬಲವಂತನಾಗಿರಬೇಕು, ಅಷ್ಟೇ. ದೊಡ್ಡವರು ಮನಸ್ಸು ಮಾಡಿದ ಮೇಲೆ ಚಿತ್ರ ಬೇಗ ಬದಲಾಯಿತು. 2016ರ ತನ್ನ ಮೊದಲ ಪಿಕ್ಸೆಲ್ ಫೋನಿಗೆ ಗೂಗಲ್ ಮೂರು ವರ್ಷದ ಭದ್ರತಾ ಅಪ್‌ಡೇಟ್‌ಗಳ ಮಾತು ಕೊಟ್ಟಿತ್ತು. 2023ರ ಪಿಕ್ಸೆಲ್ 8ಕ್ಕೆ ಏಳು ವರ್ಷ. ಕೆಲವೇ ತಿಂಗಳಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ಎಂದಿತು. ಅಗ್ಗದ ಫೋನುಗಳನ್ನು ಕೊಳ್ಳುವವರಿಗೆ ಈ ಭಾಗ್ಯ ಇನ್ನೂ ಸಿಕ್ಕಿಲ್ಲ. ಹೊಸ ಫೋನು ಕೊಳ್ಳಲು ಶಕ್ತಿ ಕಡಿಮೆ ಇರುವವರ ಸಾಧನವೇ ಮೊದಲು ಅನಾಥವಾಗುವುದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಹಾರ್ಡ್‌ವೇರ್‌ನಲ್ಲೇ ದೋಷ ಇದ್ದಾಗ ಏನು ಮಾಡುವುದು? 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಹಿರಂಗವಾದವು. ಅವು ಇದ್ದದ್ದು ಪ್ರೊಸೆಸರ್‌ನ ವಿನ್ಯಾಸದಲ್ಲೇ. ಇಂಟೆಲ್ ಹಲವು ಚಿಪ್‌ಗಳಿಗೆ ತಿದ್ದುಪಡಿ ಕೊಟ್ಟಿತು. ಹತ್ತು ವರ್ಷದಷ್ಟು ಹಳೆಯದಾಗಿದ್ದ ಕೆಲವು ಸರಣಿಗಳಿಗೆ ಕೊಡುವುದಿಲ್ಲ ಎಂದು ಏಪ್ರಿಲ್‌ನಲ್ಲಿ ತಿಳಿಸಿತು. ಇಂಥ ಕಡೆ ಒಂದು ಗೆರೆ ಬೇಕೇ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಅನಂತಕಾಲದ ಬೆಂಬಲವನ್ನು ಯಾರೂ ಕೊಡಲಾರರು. ಲಿನಕ್ಸ್ ಕರ್ನಲ್ ಕೂಡ 1985ರ ಇಂಟೆಲ್ 386 ಚಿಪ್‌ನ ಬೆಂಬಲವನ್ನು 2012ರ ಕೊನೆಯಲ್ಲಿ ತೆಗೆದುಹಾಕಿತು, 27 ವರ್ಷಗಳ ನಂತರ. ಕರ್ನಲ್‌ನ ದೀರ್ಘಾವಧಿ ಆವೃತ್ತಿಗಳ ನಿರ್ವಹಣೆಯನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ, ನಿರ್ವಹಿಸುವವರು ದಣಿದಿದ್ದಾರೆ ಎಂಬುದು ಒಂದು ಮುಖ್ಯ ಕಾರಣವಾಗಿತ್ತು. ಬೆಂಬಲದ ಹಿಂದೆ ಇರುವುದು ಮನುಷ್ಯರ ದುಡಿಮೆ. ಅದಕ್ಕೆ ಸಂಬಳ ಬೇಕು, ಆ ಸಂಬಳ ಸಾಧನದ ಬೆಲೆಯಲ್ಲಿ ಸೇರಿರಬೇಕು. ಬೆಲೆ ಸ್ವಲ್ಪ ಏರಿದರೂ ಸರಿಯೇ ಎನ್ನುತ್ತೇನೆ.

ಆದರೆ ಎಲ್ಲ ಗೆರೆಗಳೂ ತಂತ್ರಜ್ಞಾನ ಎಳೆದ ಗೆರೆಗಳಲ್ಲ. ವಿಂಡೋಸ್ 11ಕ್ಕೆ ಏಳನೆಯ ತಲೆಮಾರಿನ ಇಂಟೆಲ್ ಚಿಪ್‌ಗಳು ಅನರ್ಹ ಎಂದಾಗ, ಮೈಕ್ರೋಸಾಫ್ಟ್‌ನದೇ ದುಬಾರಿ ಕಂಪ್ಯೂಟರ್ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು ಅದೇ ತಲೆಮಾರಿನ 7820ಎಚ್‌ಕ್ಯೂ. 2021ರ ಆಗಸ್ಟ್‌ನಲ್ಲಿ ಆ ಒಂದು ಚಿಪ್ಪು ಷರತ್ತುಗಳೊಂದಿಗೆ ಅರ್ಹರ ಪಟ್ಟಿ ಸೇರಿತು. ವಿಂಡೋಸ್ 10ರ ವಿಚಾರವೂ ಹಾಗೆಯೇ. ಬೆಂಬಲ ಮುಗಿದ ಮೇಲೂ ಸಂಸ್ಥೆಗಳು ಕಂಪ್ಯೂಟರೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ಪ್ರತಿವರ್ಷ ಹಿಂದಿನ ವರ್ಷದ ದುಪ್ಪಟ್ಟು ಕೊಟ್ಟು ಮೂರು ವರ್ಷ ತಿದ್ದುಪಡಿ ಪಡೆಯಬಹುದು. ಮನೆಬಳಕೆಯವರಿಗೆ ಒಂದು ವರ್ಷ, 30 ಡಾಲರ್. ಇಲ್ಲವೇ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿದರೆ ಉಚಿತ. ಬಳಕೆದಾರರ ಸಂಘಟನೆಗಳು ಗಟ್ಟಿಯಾಗಿ ನಿಂತ ಮೇಲೆ ಯುರೋಪಿಯನ್ ಆರ್ಥಿಕ ವಲಯದಲ್ಲಿ ಆ ಷರತ್ತನ್ನೂ ಸಡಿಲಿಸಿ ಉಚಿತ ಮಾಡಲಾಯಿತು. ಇನ್ನೊಂದು ಕಡೆ, ಯಂತ್ರೋಪಕರಣಗಳಲ್ಲಿ ಅಳವಡಿಸುವ ವಿಂಡೋಸ್ 10ರ ದೀರ್ಘಾವಧಿ ಆವೃತ್ತಿಯೊಂದಕ್ಕೆ 2032ರ ಜನವರಿಯವರೆಗೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ತಿದ್ದುಪಡಿ ತಯಾರಾಗುತ್ತಲೇ ಇದೆ ಎಂದಾಯಿತು. ಯಾರ ಮನೆಗೆ ತಲುಪಬೇಕು ಎಂಬುದಷ್ಟೇ ವ್ಯಾಪಾರದ ತೀರ್ಮಾನ.

ಬೆಂಬಲ ನಿಂತ ಸಾಧನಕ್ಕೆ ಅಪಾಯ ಕಳ್ಳರಿಂದ ಮಾತ್ರ ಎಂದುಕೊಳ್ಳಬೇಡಿ. ಸುರಕ್ಷಿತ ಜಾಲತಾಣವನ್ನು ತೆರೆದಾಗ ನಿಮ್ಮ ಫೋನು ಅದರ ಪ್ರಮಾಣಪತ್ರವನ್ನು, ಅಂದರೆ ತಾಣ ಅಸಲಿಯೆಂದು ತೋರಿಸುವ ಡಿಜಿಟಲ್ ದಾಖಲೆಯನ್ನು, ತನ್ನೊಳಗಿನ ನಂಬಿಗಸ್ತರ ಪಟ್ಟಿಯೊಂದಿಗೆ ಹೋಲಿಸುತ್ತದೆ. ಆ ಪಟ್ಟಿ ಹೊಸದಾಗುವುದು ಅಪ್‌ಡೇಟ್‌ಗಳಿಂದ. ಕೋಟ್ಯಂತರ ತಾಣಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಧರಿಸಿದ್ದ, ಆ ಪಟ್ಟಿಯಲ್ಲಿನ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಲಿತ್ತು. ಹೊಸ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿ ಇರಲಿಲ್ಲ. 2020ರ ಕೊನೆಯಲ್ಲಿ ಅಂಥವು ಬಳಕೆಯಲ್ಲಿದ್ದ ಆಂಡ್ರಾಯ್ಡ್ ಸಾಧನಗಳ ಮೂರನೆಯ ಒಂದು ಭಾಗದಷ್ಟಿದ್ದವು. ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ತಾನೇ ಒಂದು ಉಪಾಯ ಹೂಡಿ ಆ ಫೋನುಗಳಿಗೆ ಇನ್ನಷ್ಟು ವರ್ಷ ದೊರಕಿಸಿಕೊಟ್ಟಿತು. ತಯಾರಕರು ಒಂದು ಸಣ್ಣ ಫೈಲನ್ನು ಕಳುಹಿಸಿದ್ದರೆ ಮುಗಿಯುತ್ತಿದ್ದ ಕೆಲಸವನ್ನು ದೇಣಿಗೆಯಲ್ಲಿ ನಡೆಯುವ ಸಂಸ್ಥೆಯೊಂದು ಹೊತ್ತುಕೊಂಡಿತು.

ಕಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾದದ್ದು ಶೇ 22.3 ಮಾತ್ರ. ಫೋನು, ಲ್ಯಾಪ್‌ಟಾಪ್‌ಗಳ ಜೀವಮಾನದ ಇಂಗಾಲ ಹೊರಸೂಸುವಿಕೆಯಲ್ಲಿ ಹೆಚ್ಚಿನ ಪಾಲು ಅವುಗಳ ತಯಾರಿಕೆಯಲ್ಲೇ ಆಗಿಹೋಗಿರುತ್ತದೆ, ಬಳಕೆಯಲ್ಲಲ್ಲ. ಇರುವುದನ್ನು ಇನ್ನೂ ಮೂರು ವರ್ಷ ಬಳಸುವುದಕ್ಕಿಂತ ದೊಡ್ಡ ಉಳಿತಾಯ ಯಾವ ಹೊಸ ಮಾದರಿಯಲ್ಲೂ ಸಿಗುವುದು ಕಷ್ಟ.

ಹಾಗಾದರೆ ನನ್ನ ಸಂಖ್ಯೆ. ಲ್ಯಾಪ್‌ಟಾಪ್ ಮತ್ತು ಮೇಜಿನ ಕಂಪ್ಯೂಟರ್‌ಗಳಿಗೆ ಭದ್ರತಾ ತಿದ್ದುಪಡಿ ಹತ್ತು ವರ್ಷ, ಫೋನು ಮತ್ತು ಟ್ಯಾಬ್ಲೆಟ್‌ಗಳಿಗೆ ಏಳು ವರ್ಷ. ಎರಡೂ ಆ ಮಾದರಿಯ ಕೊನೆಯ ಮಾರಾಟದಿಂದ ಎಣಿಕೆಯಾಗಬೇಕು, ಬೆಲೆ ಹೆಚ್ಚಿರಲಿ ಕಡಿಮೆಯಿರಲಿ ಒಂದೇ ನಿಯಮ. ಮುಗಿಯುವ ದಿನಾಂಕ ಡಬ್ಬಿಯ ಮೇಲೆ ಬೆಲೆಯ ಪಕ್ಕದಲ್ಲೇ ಕಾಣಬೇಕು. ಬ್ರಿಟನ್ ಇದರತ್ತ ಒಂದು ಹೆಜ್ಜೆ ಇಟ್ಟಿದೆ: 2024ರ ಏಪ್ರಿಲ್ 29ರಿಂದ ಅಲ್ಲಿ ಜಾಲಕ್ಕೆ ಜೋಡಿಸುವ ಗ್ರಾಹಕ ಸಾಧನಗಳ ತಯಾರಕರು ಕನಿಷ್ಠ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಪ್ರಕಟಿಸಲೇಬೇಕು. ಎಷ್ಟು ಎಂಬುದನ್ನು ಆ ಕಾನೂನು ನಿಗದಿ ಮಾಡಿಲ್ಲ, ಹೇಳಬೇಕೆಂದಷ್ಟೇ ವಿಧಿಸಿದೆ. ಹೇಳಬೇಕಾದಾಗ ಕಂಪನಿಗಳು ತಮ್ಮತಮ್ಮೊಳಗೆ ಹೋಲಿಕೆಗೆ ಸಿಗುತ್ತವೆ, ಅದೂ ಲಾಭವೇ.

ಅವಧಿ ಮುಗಿದ ಮೇಲಿನ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ಕಾನೂನುಗಳು ಇನ್ನೂ ಸರಿಯಾಗಿ ಮುಟ್ಟದ ಜಾಗ ಇದು. ಪೆಬಲ್ ಎಂಬ ಕೈಗಡಿಯಾರದ ಕಂಪನಿ 2016ರ ಕೊನೆಯಲ್ಲಿ ಮುಚ್ಚಿತು. ಅದರ ಗಡಿಯಾರಗಳು ಕಂಪನಿಯ ಸರ್ವರ್‌ಗಳನ್ನು ನೆಚ್ಚಿಕೊಂಡಿದ್ದವು. ಅಭಿಮಾನಿಗಳು ರೆಬಲ್ ಎಂಬ ಗುಂಪು ಕಟ್ಟಿ ಬದಲಿ ಸೇವೆಗಳನ್ನು ನಡೆಸಿ ಆ ಗಡಿಯಾರಗಳನ್ನು ವರ್ಷಗಳ ಕಾಲ ಬದುಕಿಸಿದರು. ಪೆಬಲ್‌ನ ಸಾಫ್ಟ್‌ವೇರ್ ಕೈಬದಲಾಗಿ ಗೂಗಲ್‌ಗೆ ಸೇರಿತ್ತು. 2025ರ ಜನವರಿಯಲ್ಲಿ ಗೂಗಲ್ ಅದರ ಬಹುಪಾಲು ಮೂಲ ಸಂಕೇತವನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಆ ಆಧಾರದ ಮೇಲೆ ಹೊಸ ಗಡಿಯಾರಗಳೂ ತಯಾರಾದವು. ಸತ್ತಿತೆಂದು ಬರೆದಿಟ್ಟಿದ್ದ ಉತ್ಪನ್ನ ಕೀಲಿ ಕೈಗೆ ಬಂದ ಕೂಡಲೇ ಎದ್ದು ನಡೆಯಿತು.

ಯುರೋಪಿನ ಸೈಬರ್ ಸುರಕ್ಷತಾ ಕಾನೂನಿನ ಮುಖ್ಯ ಭಾಗಗಳು 2027ರ ಡಿಸೆಂಬರ್ 11ರಿಂದ ಜಾರಿಗೆ ಬರುತ್ತವೆ. ಡಿಜಿಟಲ್ ಉತ್ಪನ್ನಗಳಿಗೆ ಸಾಮಾನ್ಯವಾಗಿ ಕನಿಷ್ಠ ಐದು ವರ್ಷದ ಭದ್ರತಾ ಬೆಂಬಲವನ್ನು ಅದು ವಿಧಿಸುತ್ತದೆ. ಆದರೆ ಬೆಂಬಲ ಮುಗಿದ ದಿನ ಬೂಟ್‌ಲೋಡರ್‌ನ ಬೀಗ ತೆರೆಯಬೇಕು, ಡ್ರೈವರ್‌ಗಳಿಗೆ ಬೇಕಾದ ತಾಂತ್ರಿಕ ದಾಖಲೆಗಳನ್ನು ಕೊಡಬೇಕು ಎಂಬುದನ್ನು ಅದು ಕಡ್ಡಾಯ ಮಾಡಿಲ್ಲ. ಮುಂದೆ ಕಾನೂನು ಬರೆಯುವ ಯಾವುದೇ ದೇಶ ಈ ಸಾಲನ್ನು ಸೇರಿಸಬೇಕು. ತಯಾರಕರಿಗೆ ಇದರಿಂದ ವರ್ಷಗಟ್ಟಲೆ ಖರ್ಚಿಲ್ಲ: ಒಂದು ಕೊನೆಯ ಅಪ್‌ಡೇಟ್, ಬೀಗ ತೆರೆಯುವ ಅವಕಾಶ, ಒಂದಿಷ್ಟು ದಾಖಲೆ. ಅದನ್ನು ಎಲ್ಲರೂ ಬಳಸುವುದಿಲ್ಲ, ಬಹುಶಃ ನೂರರಲ್ಲಿ ಒಬ್ಬರೂ ಬಳಸಲಿಕ್ಕಿಲ್ಲ. ಆದರೆ ಆ ಒಬ್ಬರು ಸಿದ್ಧಪಡಿಸಿದ ಸಾಫ್ಟ್‌ವೇರನ್ನು ದುರಸ್ತಿ ಅಂಗಡಿಯವರು, ಶಾಲೆಯ ಕಂಪ್ಯೂಟರ್ ಮೇಷ್ಟರು, ಹಳೆಯ ಯಂತ್ರಗಳನ್ನು ಸರಿಮಾಡಿ ಹಂಚುವ ಸಂಸ್ಥೆಗಳು ಸಾವಿರಾರು ಸಾಧನಗಳಿಗೆ ಹಾಕಿಕೊಡಬಲ್ಲರು.

ನಿಮ್ಮ ಪ್ರಶ್ನೆಗಳಿಗೆ ಈಗ ಸಮಯ ಇದೆ. ದಯವಿಟ್ಟು ಕೇಳಿ.